ಕಣ್ಣು ಒಣಗುವವರಿಗೆ ರೆಪ್ಪೆಯ ಶಸ್ತ್ರಚಿಕಿತ್ಸೆ?

ಪ್ರಶ್ನೆ:
ವಯಸ್ಸು 52, ಬ್ಯಾಂಕ್ ಉದ್ಯೋಗಿ. ಎದುರಿಗೆ ಕಂಪ್ಯೂಟರ್, ತಲೆಯ ಮೇಲೆ ಎ.ಸಿ. ಮಧ್ಯಾಹ್ನದ ಹೊತ್ತಿಗೆ ಕಣ್ಣಿಗೆ ಮರಳು ಬಿದ್ದಂತೆ ಚುಚ್ಚುತ್ತದೆ. ಹನಿ ಹಾಕಿಕೊಂಡೇ ದಿನ ದೂಡುತ್ತೇನೆ. ಮೇಲ್ರೆಪ್ಪೆ ಜೋತುಬಿದ್ದಿದೆ, ಕಾಡಿಗೆ ಹಚ್ಚಿದರೆ ಮಡಿಕೆಗೆಲ್ಲ ಮೆತ್ತಿಕೊಳ್ಳುತ್ತದೆ. ಮಾಘದಲ್ಲಿ ಮಗಳ ಮದುವೆ. ರೆಪ್ಪೆಯ ಹೆಚ್ಚುವರಿ ಚರ್ಮ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯ ಬಗ್ಗೆ ವಿಚಾರಿಸಲು ಹೋದ ಚಿಕಿತ್ಸಾಲಯದವರು ಕಣ್ಣಿನ ಉರಿಯ ಬಗ್ಗೆ ಒಂದು ಮಾತೂ ಕೇಳದೆ ದಿನಾಂಕ ಕೊಡಲು ಹೊರಟರು. ಮಾಡಿಸಿಕೊಳ್ಳಲೇ?

ಉತ್ತರ 1:
ಮೊದಲು ಕಣ್ಣಿನ ವೈದ್ಯರಲ್ಲಿ ಷಿರ್ಮರ್ ಪರೀಕ್ಷೆ ಮಾಡಿಸಿ. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. ತೇವ 5 ಮಿ.ಮೀ. ಕೂಡ ಏರದಿದ್ದರೆ ಕಣ್ಣೀರು ತೀರಾ ಕಡಿಮೆ ಎಂದರ್ಥ. ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳನ್ನೂ ನೋಡಲಿ. ಚರ್ಮ ಹೆಚ್ಚು ಕತ್ತರಿಸಿದರೆ ನಿದ್ದೆಯಲ್ಲೂ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಆಗ ಕಾರ್ನಿಯಾಗೇ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೇ, ಪೆಟ್ಟು. ಮದುವೆಯ ಫೋಟೊಗಾಗಿ ಇಷ್ಟು ಅವಸರವೇ?

ಉತ್ತರ 2:
ಹೆದರಿಸಬೇಡಿ ಮಾರಾಯರೇ. ನನಗೂ ಒಣಗಣ್ಣು ಇತ್ತು, ಆದರೂ ಮಾಡಿಸಿಕೊಂಡೆ. ಮೊದಲು ಬಿಸಿ ಶಾಖ, ಸಂರಕ್ಷಕವಿಲ್ಲದ ಹನಿಗಳಿಂದ ಉರಿ ಹತೋಟಿಗೆ ಬಂತು. ವೈದ್ಯರು ಸ್ನಾಯುವನ್ನು ಮುಟ್ಟದೆ ಚರ್ಮವನ್ನಷ್ಟೇ, ಅದೂ ಜಿಪುಣತನದಿಂದ ತೆಗೆದರು. ಆಮೇಲೆ ಕೆಲವು ತಿಂಗಳು ಉರಿ ಹೆಚ್ಚಿದ್ದು ನಿಜ. ರಾತ್ರಿ ಮುಲಾಮು ಹಚ್ಚಿ ಮಲಗುತ್ತಿದ್ದೆ. ಅಂದ ಹಾಗೆ, ನಿಮಗೆ ಬಾಯಿಯೂ ಒಣಗುತ್ತದೆಯೇ? ಕೀಲುನೋವು?

ಪ್ರಶ್ನೆ ಕೇಳಿದವರು:
ಒಣಗುತ್ತದೆ. ಚಕ್ಕುಲಿ ತಿನ್ನಲೂ ಪಕ್ಕದಲ್ಲಿ ನೀರು ಬೇಕು. ಬೆರಳಿನ ಗೆಣ್ಣುಗಳೂ ನೋಯುತ್ತವೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಉತ್ತರ 2:
ಷೋಗ್ರೆನ್ ಎಂಬ ರೋಗವಿರಬಹುದು. ದೇಹದ ರೋಗನಿರೋಧಕ ವ್ಯವಸ್ಥೆಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ಎರಗುತ್ತದೆ. ಸಂಧಿವಾತ ತಜ್ಞರು ರಕ್ತ ಪರೀಕ್ಷೆ ಮಾಡಿಸುತ್ತಾರೆ. ಅದು ಇತ್ಯರ್ಥವಾಗುವವರೆಗೆ ಯಾರಿಗೂ ಮುಂಗಡ ಕೊಡಬೇಡಿ.