ಐಸಿಯುನಲ್ಲಿ ಮಲಗಿದವರ ಬಲ ಹೇಗೆ ಅಳೆಯುತ್ತೀರಿ? ಅನುಭವ ಹೇಳಿ

ನಾನು ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋ. ಸೇರಿ ಎಂಟು ತಿಂಗಳಾಯಿತು. ಡಾಕ್ಟರ್ ದಿನಾ ಬೆಳಿಗ್ಗೆ "ಇವತ್ತು ಬಲ ಹೇಗಿದೆ?" ಎಂದು ಕೇಳುತ್ತಾರೆ. "ನಿನ್ನೆಗಿಂತ ಪರವಾಗಿಲ್ಲ" ಎಂದು ಬರೆಯುತ್ತೇನೆ. ಆದರೆ ನಿನ್ನೆ ಎಷ್ಟಿತ್ತು ಅಂತ ನನ್ನ ಹತ್ತಿರ ಲೆಕ್ಕವೇ ಇಲ್ಲ. ಅಳೆಯುವ ಯಂತ್ರಗಳೂ ಇಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಬದಿಯಡ್ಕದ ಫಿಸಿಯೋ, ಈಗ ಮಂಗಳೂರಿನಲ್ಲಿ:

ತಂಗಿ, ಬಲಕ್ಕಿಂತ ಮೊದಲು ಎಚ್ಚರ ನೋಡಿ. ರೋಗಿಗೆ ಐದು ಮಾತು ಹೇಳಬೇಕು. ಕಣ್ಣು ತೆರೆದು ಮುಚ್ಚಿ. ನನ್ನನ್ನು ನೋಡಿ. ಬಾಯಿ ತೆರೆದು ನಾಲಿಗೆ ಹೊರಗೆ ಹಾಕಿ. ತಲೆ ಆಡಿಸಿ. ನಾನು ಐದು ಎಣಿಸಿದ ಮೇಲೆ ಹುಬ್ಬು ಏರಿಸಿ. ಮೂರಾದರೂ ಮಾಡಬೇಕು. ನಾನು ಐದೂ ಆಗುವವರೆಗೆ ಕಾಯುತ್ತೇನೆ. ನಿದ್ದೆಯ ಮದ್ದಿನ ಮಂಪರಿನಲ್ಲಿರುವವರಿಗೆ ಅಂಕ ಕೊಟ್ಟರೆ ಅದು ಮದ್ದಿನ ಅಂಕ, ಸ್ನಾಯುವಿನದ್ದಲ್ಲ.

ಈ ಐದು ಮಾತು ಯಾವ ಭಾಷೆಯಲ್ಲಿ ಹೇಳುತ್ತೀರಿ ಅನ್ನುವುದು ನಮ್ಮ ಕಡೆ ದೊಡ್ಡ ವಿಷಯ. ಮೊದಲು ನಾನಿದ್ದ ಕಡೆ ಪೆರ್ಲದ ಅಜ್ಜ ಒಬ್ಬರಿದ್ದರು. ತುಳು ಬಿಟ್ಟು ಬೇರೆ ಮಾತು ಅವರಿಗೆ ಅಷ್ಟಾಗಿ ತಿಳಿಯದು. ನರ್ಸ್ ಪಾಪ, ತೆಂಕಣ ಜಿಲ್ಲೆಯವರು. "ಕೈ ಪೊಕ್ಕೂ" ಎಂದು ಮಲಯಾಳದಲ್ಲಿ ಎಷ್ಟೋ ಸಲ ಹೇಳಿದರು. ಎರಡು ದಿನ ಚಾರ್ಟಿನಲ್ಲಿ "ಹೇಳಿದ್ದು ಕೇಳುತ್ತಿಲ್ಲ" ಎಂದೇ ಬಂತು. ನಾನೂ ಅದನ್ನೇ ನಂಬಿದೆ. ಮೂರನೇ ದಿನ ಸೊಸೆ ಬಂದು "ಕೈ ದೆರ್ಪುಲೆ" ಅಂದದ್ದೇ ಅಜ್ಜ ಕೈ ಎತ್ತಿದರು. ಆ ಎರಡು ದಿನ ನನಗೆ ಇವತ್ತಿಗೂ ಚುಚ್ಚುತ್ತದೆ.

ಎಚ್ಚರ ಸರಿಯಿದ್ದರೆ ಎಂಆರ್‌ಸಿ ಅಂಕ (ಸ್ನಾಯುವಿನ ಬಲಕ್ಕೆ ಕೊಡುವ ಅಂಕ) ಸಾಕು, ಕೈಯೇ ಯಂತ್ರ. ಭುಜ ಪಕ್ಕಕ್ಕೆ ಎತ್ತುವುದು, ಮೊಣಕೈ ಮಡಚುವುದು, ಮಣಿಕಟ್ಟು ಮೇಲೆತ್ತುವುದು, ತೊಡೆ ಎತ್ತುವುದು, ಮೊಣಕಾಲು ನೀಡುವುದು, ಪಾದ ಮೇಲಕ್ಕೆ ಎಳೆಯುವುದು. ಎರಡೂ ಬದಿ, ಒಂದೊಂದಕ್ಕೆ 0ಯಿಂದ 5. ಒಟ್ಟು 60. 48ಕ್ಕಿಂತ ಕಡಿಮೆ ಬಂದರೆ ಐಸಿಯು ವಾಸದಿಂದ ಬಂದ ನಿಶ್ಶಕ್ತಿ ಇರಬಹುದು ಎಂದು ಡಾಕ್ಟರಿಗೆ ಹೇಳಿ. ಭೂಮಿಯ ಸೆಳೆತದ ವಿರುದ್ಧ ತಾನಾಗಿ ಎತ್ತಿದರೆ 3, ನಾವು ಒತ್ತಿದಾಗಲೂ ಸ್ವಲ್ಪ ತಡೆದರೆ 4. ಕಷ್ಟ ಬರುವುದು 4 ಕೊಡುವಲ್ಲಿ, ಒಬ್ಬೊಬ್ಬರು ಒತ್ತುವುದು ಒಂದೊಂದು ಥರ. ಹಾಗಾಗಿ ಆದಷ್ಟು ಅದೇ ವ್ಯಕ್ತಿ, ಅದೇ ಭಂಗಿಯಲ್ಲಿ ನೋಡಲಿ.

ಕುಂಬಳೆಯ ಐಸಿಯು ನರ್ಸ್:

ನಮ್ಮಲ್ಲಿ ದಿನಾ ಬರೆಯುವುದು ಐಸಿಯು ಮೊಬಿಲಿಟಿ ಸ್ಕೇಲ್, ರೋಗಿ ಎಷ್ಟು ಎದ್ದು ಓಡಾಡಿದರು ಎಂಬ ಅಂಕ. 0 ಅಂದರೆ ಸುಮ್ನೆ ಮಲಗಿದ್ದಾರೆ. 3 ಹಾಸಿಗೆಯ ಅಂಚಿನಲ್ಲಿ ಕೂತರು, 4 ನಿಂತರು, 8 ಒಬ್ಬರು ಹಿಡಿದು ನಡೆಸಿದರು, 10 ಯಾರ ನೆರವೂ, ಕೋಲು-ವಾಕರೂ ಇಲ್ಲದೆ ನಡೆದರು. ಒಂದು ನಿಮಿಷದ ಕೆಲಸ. ಮಾಡಬಲ್ಲರು ಅಂತ ಅನಿಸಿದ್ದನ್ನು ಬರೆಯಬೇಡಿ, ಆ ದಿನ ಮಾಡಿದ್ದನ್ನೇ ಬರೆಯಿರಿ. ಪಕ್ಕದಲ್ಲಿ ಕಾರಣವೂ ಇರಲಿ: ಡಯಾಲಿಸಿಸ್ ನಡೆಯುತ್ತಿತ್ತು, ಹಿಡಿಯಲು ಜನ ಇರಲಿಲ್ಲ, ಹೀಗೆ. ಇಲ್ಲದಿದ್ದರೆ ನಮ್ಮ ಕೊರತೆಯೆಲ್ಲ ರೋಗಿಯ ನಿಶ್ಶಕ್ತಿಯಾಗಿ ಕಾಣುತ್ತದೆ, ಅಲ್ವಾ?

ಅಂಕ ಏರಿಸಬೇಕೆಂದು ಎಳೆದು ಎಬ್ಬಿಸಬೇಡಿ. 2022ರಲ್ಲಿ ಬಂದ, ವೆಂಟಿಲೇಟರಿನಲ್ಲಿದ್ದ 750 ಮಂದಿಯ ಅಧ್ಯಯನದಲ್ಲಿ, ಮಾಮೂಲಿಗಿಂತ ಬೇಗ, ಜಾಸ್ತಿ ಎಬ್ಬಿಸಿದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ತೊಂದರೆಗಳೇ ಜಾಸ್ತಿಯಾದವು.

ಮಂಜೇಶ್ವರದಿಂದ ಒಬ್ಬರು:

ನಾನು ಆಸ್ಪತ್ರೆ ಕೆಲಸದವಳಲ್ಲ. ಅಮ್ಮ 19 ದಿನ ಐಸಿಯುನಲ್ಲಿದ್ದರು. ಕಳಿಸುವಾಗ "ಒಬ್ಬರು ಹಿಡಿದರೆ ನಡೆಯುತ್ತಾರೆ" ಎಂದರು. ನಿಜವೇ. ಆದರೆ ಮನೆಗೆ ಬಂದ ಮೇಲೆ ಕುಕ್ಕರುಗಾಲಿನಲ್ಲಿ ಕೂತರೆ ಏಳಲು ಆಗಲಿಲ್ಲ. ಅಮ್ಮ ಬೀಡಿ ಕಟ್ಟುತ್ತಿದ್ದವರು. ಬೆರಳಿಗೆ ದಾರ ನಿಲ್ಲುತ್ತಿರಲಿಲ್ಲ, ಅದಕ್ಕೇ ಜಾಸ್ತಿ ಅತ್ತರು. ಮೊದಲು ಏನೇನು ಮಾಡುತ್ತಿದ್ದರು ಎಂದು ಅಲ್ಲಿ ಯಾರೂ ನಮ್ಮನ್ನು ಕೇಳಿರಲಿಲ್ಲ. ದಯವಿಟ್ಟು ಮೊದಲ ದಿನವೇ ಮನೆಯವರನ್ನು ಕೇಳಿ, ಬರೆದಿಡಿ.

ಬದಿಯಡ್ಕದ ಫಿಸಿಯೋ:

ಅಕ್ಕ ಹೇಳಿದ್ದು ನಾವೆಲ್ಲ ಬಿಟ್ಟುಬಿಡುವ ಭಾಗ. ಏಳುವಂಥ ಕೆಲಸಗಳನ್ನು ಅಳೆಯಬೇಕಾದರೆ ಎಫ್‌ಎಸ್‌ಎಸ್-ಐಸಿಯು ಎಂಬ ಅಂಕಪಟ್ಟಿ ಒಳ್ಳೆಯದು. ಮಗ್ಗುಲಾಗುವುದು, ಮಲಗಿದಲ್ಲಿಂದ ಕೂರುವುದು, ಅಂಚಿನಲ್ಲಿ ಕೂರುವುದು, ಕೂತಲ್ಲಿಂದ ಏಳುವುದು, ನಡೆಯುವುದು. ಒಂದೊಂದಕ್ಕೆ 7, ಒಟ್ಟು 35. ಕೈಹಿಡಿತ ಅಳೆಯುವ ಡೈನಮೋಮೀಟರ್ ಒಂದನ್ನಾದರೂ ತರಿಸಲು ಕೇಳಿ ತಂಗಿ. ಗಂಡಸರಿಗೆ 11 ಕಿಲೋ, ಹೆಂಗಸರಿಗೆ 7 ಕಿಲೋಗಿಂತ ಕಡಿಮೆಯಿದ್ದರೆ ಎಚ್ಚರಿಕೆ. ಆದರೆ ಬೀಡಿ ಕಟ್ಟುವ ಬೆರಳಿನ ಚುರುಕು ಅದರಲ್ಲೂ ಕಾಣದು. ಅದನ್ನು ಕೇಳಿಯೇ ತಿಳಿಯಬೇಕು.

ಕೇಳಿದವಳು:

ತುಂಬಾ ಉಪಕಾರ. ನಾಳೆಯಿಂದ 60ರ ಲೆಕ್ಕ ಮತ್ತು ಮೊಬಿಲಿಟಿ ಅಂಕ ಶುರು ಮಾಡುತ್ತೇನೆ. ಆ ಐದು ಮಾತು ಕನ್ನಡ, ಮಲಯಾಳ, ತುಳುವಿನಲ್ಲಿ ಬರೆದು ಪ್ರತಿ ಹಾಸಿಗೆಯ ತಲೆಯ ಹತ್ತಿರ ಅಂಟಿಸುತ್ತೇನೆ. ಬ್ಯಾರಿ, ಕೊಂಕಣಿ ಬಲ್ಲವರು ಯಾರಾದರೂ ಬರೆದು ಕಳಿಸುತ್ತೀರಾ?