ಕುರ್ದಿಶ್, ಮಲಯ್: ಯಾವುದರ ಉಪಭಾಷೆಗಳ ನಡುವೆ ಅಂತರ ಜಾಸ್ತಿ?

ಪ್ರಶ್ನೆ: ಕುರ್ಮಾಂಜಿ, ಸೊರಾನಿ ಎರಡೂ ಕುರ್ದಿಶ್. ಮಲೇಷ್ಯಾದ ಕೆಲಂತಾನ್, ಜೋಹೋರ್ ರಾಜ್ಯಗಳ ಮಾತು ಎರಡೂ ಮಲಯ್. ಯಾವ ಜೋಡಿ ಜಾಸ್ತಿ ದೂರ?

ಉತ್ತರ 1: ಕುರ್ದಿಶ್ ಜೋಡಿಯೇ. ಕುರ್ಮಾಂಜಿಯಲ್ಲಿ ನಾಮಪದಕ್ಕೆ ಗಂಡು, ಹೆಣ್ಣು ಅನ್ನೋ ಲಿಂಗ ಇನ್ನೂ ಇದೆ, ಸೊರಾನಿಯಲ್ಲಿ ಹೆಚ್ಚುಕಡಿಮೆ ಅಳಿದೇ ಹೋಗಿದೆ. ಲಿಪಿಯೂ ಬೇರೆ: ಟರ್ಕಿಯ ಕುರ್ಮಾಂಜಿಗೆ 1932ರಲ್ಲಿ ಶುರುವಾದ ‘ಹಾವಾರ್’ ಪತ್ರಿಕೆ ಹರಡಿದ ಲ್ಯಾಟಿನ್ ಲಿಪಿ, ಇರಾಕಿನ ಸೊರಾನಿಗೆ ಅರಬಿ ಮೂಲದ ಲಿಪಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದೋದೇ ಕಷ್ಟ, ಬೇಸರದ ವಿಷಯ ಅಲ್ವಾ?

ಉತ್ತರ 2: ಒಪ್ಪಿದೆ, ಆದರೆ ಕೆಲಂತಾನ್ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ‘ಮಾಕಾನ್’ (ತಿನ್ನು) ಅಲ್ಲಿ ‘ಮಾಕೆ’ ಆಗುತ್ತದೆ, ‘ಇಕಾನ್’ (ಮೀನು) ‘ಇಕೆ’. ಬೇಗ ಬೇಗ ಮಾತಾಡಿದರೆ ಕೌಲಾಲಂಪುರದವರಿಗೂ ತಿಳಿಯೋದು ಕಷ್ಟ. ಶಾಲೆ, ಟಿವಿಯ ಮಲಯ್ ಎಲ್ಲರಿಗೂ ಗೊತ್ತಿರೋದರಿಂದ ನಡೆದುಹೋಗುತ್ತದೆ.

ಉತ್ತರ 3: ಟರ್ಕಿಯಲ್ಲಿ ಆಡುವ ಝಾಝಾಕಿ ಅನ್ನೋ ಮಾತನ್ನೂ ನೋಡಿ. ಅದನ್ನಾಡುವ ಅನೇಕರು ತಾವು ಕುರ್ದರು ಎನ್ನುತ್ತಾರೆ, ಹಲವು ಭಾಷಾತಜ್ಞರು ಅದು ಬೇರೆಯೇ ಭಾಷೆ ಎನ್ನುತ್ತಾರೆ.