ಬೈಪಾಸ್‌ಗೆ ಜಮೀನು ಬಿಟ್ಟವರು, ಹಳೆಯ ರಸ್ತೆಯಲ್ಲಿ ಉಳಿದವರು ದಯವಿಟ್ಟು ಅನುಭವ ತಿಳಿಸಿ

ಹುಣಸೂರು ತಾಲ್ಲೂಕಿನ ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ಶ್ರೀರಂಗಪಟ್ಟಣದ ಬಳಿಯಿಂದ ಕುಶಾಲನಗರದವರೆಗಿನ ಸುಮಾರು 92 ಕಿ.ಮೀ. ಹೊಸ ಚತುಷ್ಪಥ ಹೆದ್ದಾರಿ ನಮ್ಮ ಊರನ್ನು ಹೊರಗಿನಿಂದ ಬಳಸಿಕೊಂಡು ಹೋಗುತ್ತದೆ. ನಮ್ಮ 3 ಎಕರೆ 12 ಗುಂಟೆಯ ಪೈಕಿ 38 ಗುಂಟೆ ಅದಕ್ಕೆ ಸೇರುತ್ತದೆ. ರಸ್ತೆ ಜಮೀನಿನ ನಡುವೆಯೇ ಹಾಯುವುದರಿಂದ ಕೊಳವೆಬಾವಿ ಒಂದು ಮಗ್ಗುಲಿಗೆ, ಹೊಗೆಸೊಪ್ಪು ಹದಮಾಡುವ ಮನೆ, ಅಂದರೆ ಬ್ಯಾರನ್, ಮತ್ತೊಂದು ಮಗ್ಗುಲಿಗೆ ಉಳಿಯುತ್ತವೆ. ಪಹಣಿ ಈಗಲೂ ತೀರಿಕೊಂಡ ನಮ್ಮ ತಂದೆಯವರ ಹೆಸರಿನಲ್ಲಿದೆ. ತಮ್ಮನು ಹಳೆಯ ಮಡಿಕೇರಿ ರಸ್ತೆಯಲ್ಲಿ ಚಿಕ್ಕ ಹೋಟೆಲ್ ನಡೆಸುತ್ತಾನೆ. ಐತೀರ್ಪಿನ (ಭೂಸ್ವಾಧೀನ ಅಧಿಕಾರಿ ಪರಿಹಾರ ನಿಗದಿಪಡಿಸಿದ ಆದೇಶದ) ಹಣವನ್ನು ಸುಮ್ಮನೆ ಪಡೆಯಬೇಕೇ, ಹೆಚ್ಚಿನ ಪರಿಹಾರಕ್ಕೆ ಹೋಗಬೇಕೇ, ತಮ್ಮನು ಹೋಟೆಲನ್ನು ಹೊಸ ರಸ್ತೆಯ ಕಡೆಗೆ ಸಾಗಿಸಬೇಕೇ ಎಂಬುದನ್ನು ಬೆಂಗಳೂರು–ಮೈಸೂರು ದಶಪಥದ ಊರುಗಳವರು ತಿಳಿಸಿದರೆ ಉಪಕಾರವಾಗುತ್ತದೆ.

ಮಂಡ್ಯ ಕಡೆಯ ಕಬ್ಬು ಬೆಳೆಗಾರ:

ಹಣ ಬಂದ ಕೂಡಲೇ ಪಡೆದವನು ನಾನು. ಇಂದಿಗೂ ಅದೇ ಸರಿಯೆಂದು ಹೇಳುತ್ತೇನೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುತ್ತಿದ್ದ ನಮ್ಮ ತರಿ ಭೂಮಿಯಲ್ಲಿ 1 ಎಕರೆ 6 ಗುಂಟೆ ಹೋಯಿತು. ತಾತನ ಕಾಲದ ಗದ್ದೆಯ ಬದುವಿನ ಮೇಲೆ ಜೆಸಿಬಿ ಹತ್ತಿದ ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಆದರೆ ಅತ್ತು ಕೂತರೆ ಭೂಮಿ ಹಿಂದಕ್ಕೆ ಬರುವುದಿಲ್ಲವೆಂದು ನಾಗಮಂಗಲ ತಾಲ್ಲೂಕಿನಲ್ಲಿ 2 ಎಕರೆ ಖುಷ್ಕಿ ಕೊಂಡೆ.

ಆ ಹಣ ಹೇಗೆ ಕರಗುತ್ತದೆ ಎಂಬುದನ್ನು ಕೇಳಿ. ಜಮೀನಿಗೆ 32 ಲಕ್ಷ, ಮಧ್ಯವರ್ತಿಗೆ ನೂರಕ್ಕೆ ಎರಡರಂತೆ 64,000, ಮುದ್ರಾಂಕ ಮತ್ತು ನೋಂದಣಿಗೆ ಎರಡು ಲಕ್ಷಕ್ಕೂ ಮಿಗಿಲು. ಮೊದಲ ಬೋರು 640 ಅಡಿ ಇಳಿದರೂ ಬರೀ ಧೂಳು. ಕೊರೆದದ್ದಕ್ಕೆ ಮತ್ತು ಕೇಸಿಂಗ್ ಪೈಪಿಗೆ 98,000 ಮಣ್ಣುಪಾಲಾಯಿತು. ಎರಡನೆಯದರಲ್ಲಿ ಒಂದೂವರೆ ಇಂಚು ನೀರು ಸಿಕ್ಕಿತು; ಮೋಟರು, ಕೇಬಲ್ಲು, ಪ್ಯಾನಲ್ ಬೋರ್ಡು ಸೇರಿ 1,46,000. ಕಾಡುಹಂದಿಗಳ ಕಾಟಕ್ಕೆ ತಂತಿ ಬೇಲಿಯ ಖರ್ಚು ಬೇರೆ. ಇಷ್ಟಾದರೂ ಇಂದು ಅಲ್ಲಿ ತೆಂಗು ಎದ್ದು ನಿಂತಿದೆ. ಹೆಚ್ಚಿನ ಪರಿಹಾರ ಸಿಗುತ್ತದೆಂದು ಕಾದು ಕುಳಿತ ನಮ್ಮ ನೆರೆಯವರಿಗೆ ಹಣ ಕೈಸೇರುವ ಹೊತ್ತಿಗೆ ಸುತ್ತಮುತ್ತಲ ಭೂಮಿಯ ಬೆಲೆ ದುಪ್ಪಟ್ಟಾಗಿತ್ತು. ಅವರಿಗೆ ಒಂದು ಎಕರೆಯೂ ದಕ್ಕಲಿಲ್ಲ.

ಚನ್ನಪಟ್ಟಣದ ತೋಟದ ಮಾಲೀಕ:

ಮಂಡ್ಯದ ಅಣ್ಣನವರು ಹೇಳಿದ್ದನ್ನು ನಾನು ಖಂಡಿತವಾಗಿ ಒಪ್ಪುವುದಿಲ್ಲ. ಕೊಟ್ಟಷ್ಟನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡವರಿಂದಲೇ ಉಳಿದವರ ದರವೂ ತಗ್ಗಿತು. ಹಣ ಪಡೆಯುವುದು, ಹೆಚ್ಚಿನ ಪರಿಹಾರಕ್ಕೆ ಹೋಗುವುದು ಎಂಬ ಎರಡರಲ್ಲಿ ಒಂದನ್ನೇ ಆರಿಸಬೇಕೆಂದು ಯಾರು ಹೇಳಿದರು? ನಾನು ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ ಎಂದು ಬರೆದುಕೊಟ್ಟೇ ಹಣ ಪಡೆದೆ. ಆಮೇಲೆ ರಾಷ್ಟ್ರೀಯ ಹೆದ್ದಾರಿ ಕಾಯ್ದೆ, 1956ರ 3ಜಿ(5)ರ ಅಡಿಯಲ್ಲಿ ಮಧ್ಯಸ್ಥಗಾರರ ಮುಂದೆ ಅರ್ಜಿ ಹಾಕಿದೆ.

ನಮ್ಮ ತೋಟದಲ್ಲಿ ಫಲಕ್ಕೆ ಬಂದಿದ್ದ 41 ತೆಂಗಿನ ಮರಗಳ ಪೈಕಿ ಜಂಟಿ ಅಳತೆಯ ಪಟ್ಟಿಯಲ್ಲಿ 26 ಮಾತ್ರ ಇದ್ದವು. ಉಳಿದವು ಸಸಿಗಳೆಂದು ದಾಖಲಾಗಿದ್ದವು. ಪಂಪ್‌ಹೌಸನ್ನು ಶೀಟಿನ ಕೊಟ್ಟಿಗೆಯೆಂದು ಬರೆದಿದ್ದರು, ಅದು ಆರ್‌ಸಿಸಿ ಚಾವಣಿಯ ಕಟ್ಟಡ. ನೆಲದಡಿಯಲ್ಲಿ ಹೋಗಿದ್ದ 480 ಅಡಿ ಪೈಪ್‌ಲೈನಿನ ಮಾತೇ ಇರಲಿಲ್ಲ. ದರವನ್ನು ಲೆಕ್ಕ ಹಾಕುವಾಗ ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆ ಇರುವ ಅರ್ಧದಷ್ಟು ಪತ್ರಗಳನ್ನು ತೆಗೆದುಕೊಂಡು ಅವುಗಳ ಸರಾಸರಿ ನೋಡಬೇಕೆಂದು 2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಮು ಹೇಳುತ್ತದೆ. ನಮ್ಮ ಐತೀರ್ಪಿಗೆ ಆಧಾರವಾದದ್ದು ಅಣ್ಣತಮ್ಮಂದಿರ ನಡುವೆ ಸರ್ಕಾರದ ಮಾರ್ಗಸೂಚಿ ದರಕ್ಕೇ ಆಗಿದ್ದ ಒಂದು ಕ್ರಯ. ನಾನು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಅಕ್ಕಪಕ್ಕದ ಸರ್ವೆ ನಂಬರುಗಳ ಕ್ರಯಪತ್ರಗಳ ದೃಢೀಕೃತ ನಕಲುಗಳನ್ನು ತೆಗೆಸಿ, ಖಾಸಗಿ ಮೌಲ್ಯಮಾಪಕರಿಗೆ 18,000 ಕೊಟ್ಟು ವರದಿ ಬರೆಸಿ, ಮರಗಳ ಫೋಟೋಗಳ ಮೇಲೆ ಪಂಚರ ಸಹಿ ಹಾಕಿಸಿ ಸಲ್ಲಿಸಿದೆ. ಗುಂಟೆಗೆ 62,000 ಇದ್ದ ಮೌಲ್ಯ 91,000ಕ್ಕೆ ಏರಿತು. ಅದರ ಮೇಲೆ ನೂರಕ್ಕೆ ನೂರು ಸೊಲೇಷಿಯಂ (ಕಡ್ಡಾಯ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಹಣ) ಬಂದಿತು. ಹೆಚ್ಚುವರಿ ಮೊತ್ತಕ್ಕೆ ಸ್ವಾಧೀನದ ದಿನದಿಂದ ಶೇ. 9ರ ಬಡ್ಡಿಯೂ ಬಂದಿತು. ವಕೀಲರಿಗೆ ಕೊಟ್ಟದ್ದನ್ನು ಕಳೆದರೂ ಮಗಳ ಎಂಜಿನಿಯರಿಂಗ್ ಓದು ಅದರಲ್ಲಿಯೇ ನಡೆಯುತ್ತಿದೆ.

ಮಂಡ್ಯ ಕಡೆಯ ಕಬ್ಬು ಬೆಳೆಗಾರ:

ನಮ್ಮಂಥವರಿಂದ ದರ ತಗ್ಗಿತೆಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ ಸ್ವಾಮಿ. ದರ ನಿಗದಿಯಾಗುವುದು ನೋಂದಾಯಿತ ಕ್ರಯಪತ್ರಗಳ ಮೇಲೆ, ಹಣ ಪಡೆದವರ ಸಹಿಯ ಮೇಲೆ ಅಲ್ಲ. ಭೂಮಿ ಕೊಳ್ಳುವಾಗ ಮುದ್ರಾಂಕ ಉಳಿಸಲು ಎಲ್ಲರೂ ಕಡಿಮೆ ಬೆಲೆ ಬರೆಸಿಕೊಂಡಿದ್ದೇ ಇಂದು ಎಲ್ಲರ ಕುತ್ತಿಗೆಗೆ ಬಂದಿದೆ. ಮನೆಯಲ್ಲಿ ಓದಿದವರು, ಜೊತೆಗೆ ವಕೀಲರ ಪರಿಚಯ, ಇವೆರಡೂ ಇದ್ದ ನಿಮಗೆ ಅದು ಸಾಧ್ಯವಾಯಿತು. ನಮ್ಮ ಊರಿನಲ್ಲಿ ಪೋಡಿಯೇ (ಅಳತೆ ಮಾಡಿ ಹಿಸ್ಸೆ ಬೇರ್ಪಡಿಸುವುದು) ಆಗದ ಜಮೀನಿಟ್ಟುಕೊಂಡು ಎಷ್ಟು ಜನ ಅಲೆದಿದ್ದಾರೆ ಎಂಬುದನ್ನು ಬಂದು ನೋಡಿ.

ಚನ್ನಪಟ್ಟಣದ ತೋಟದ ಮಾಲೀಕ:

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ವಕೀಲರ ಪರಿಚಯ ಮೊದಲೇ ಇರಲಿಲ್ಲ, ಆಮೇಲೆ ಆಯಿತು.

ಮದ್ದೂರು ಹಳೆಯ ರಸ್ತೆಯ ಹೋಟೆಲಿನವರು:

ಜಮೀನು ಹೋದವರು ಗುಂಟೆಯ ಲೆಕ್ಕದಲ್ಲಿ ಜಗಳವಾಡುತ್ತಿದ್ದೀರಿ. ನಮ್ಮಂತೆ ಒಂದಿಂಚು ಜಾಗ ಹೋಗದೆ ಬದುಕೇ ಹೋದವರಿಗೆ ಯಾವ ಕಲಮಿನಲ್ಲಿ ಪರಿಹಾರವಿದೆ ಎಂಬುದನ್ನು ಯಾರಾದರೂ ಹೇಳಿ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಕಾರು ಮದ್ದೂರಿನಲ್ಲಿ ನಿಲ್ಲುತ್ತಿದ್ದುದೇ ವಡೆಗಾಗಿ. 2023ರ ಮಾರ್ಚ್ 12ರಂದು ರಸ್ತೆ ಲೋಕಾರ್ಪಣೆಯಾಯಿತು. ಅದಕ್ಕೆ ಮೊದಲೇ ನಮ್ಮ ಬೈಪಾಸ್‌ನಲ್ಲಿ ವಾಹನಗಳನ್ನು ಬಿಟ್ಟಿದ್ದರು. ಅಂದಿನಿಂದ ಕಾರುಗಳು ಮೇಲ್ಸೇತುವೆಯ ಮೇಲೆಯೇ ಹೋಗುತ್ತಿವೆ.

ಶನಿವಾರ, ಭಾನುವಾರಗಳಲ್ಲಿ ನಮ್ಮಲ್ಲಿ ನಾಲ್ಕು ಟಿನ್ ಎಣ್ಣೆ ಖರ್ಚಾಗುತ್ತಿತ್ತು. ಈಗ ಒಂದು ಟಿನ್ ಮುಗಿಯಬೇಕಾದರೆ ವಾರ ಕಳೆಯಬೇಕು. ಚಿರೋಟಿ ರವೆ, ಅಕ್ಕಿಹಿಟ್ಟು, ಮೈದಾ ಮೂರನ್ನೂ ಮೂಟೆಯಲ್ಲಿ ತರಿಸುತ್ತಿದ್ದವರು ಈಗ ಅಂಗಡಿಯಿಂದ ಐದೈದು ಕಿಲೋ ತರುತ್ತೇವೆ. ಈರುಳ್ಳಿ ಹೆಚ್ಚುವುದಕ್ಕೆಂದೇ ಇಬ್ಬರು ಹೆಂಗಸರಿದ್ದರು, ಅವರನ್ನು ಕಳುಹಿಸಬೇಕಾಯಿತು. ಹನ್ನೊಂದು ಜನರ ಪೈಕಿ ನಾಲ್ವರು ಉಳಿದಿದ್ದಾರೆ. ವ್ಯಾಪಾರ ಇಳಿದರೂ ವಾಣಿಜ್ಯ ವಿದ್ಯುತ್ತಿನ ನಿಗದಿತ ಶುಲ್ಕ ಇಳಿಯುವುದಿಲ್ಲ, ಬಾಡಿಗೆಯೂ ಇಳಿಯುವುದಿಲ್ಲ. ಹೊಸ ರಸ್ತೆಯ ಕಡೆಗೆ ಹೋಗಿ ಎಂದು ಬಂದವರೆಲ್ಲರೂ ಬುದ್ಧಿ ಹೇಳಿದರು. ಸರ್ವಿಸ್ ರಸ್ತೆಯ ಪಕ್ಕದ 30×40 ಅಡಿ ಜಾಗಕ್ಕೆ ಮುಂಗಡ 8 ಲಕ್ಷ, ತಿಂಗಳ ಬಾಡಿಗೆ 55,000 ಕೇಳಿದರು. ಮುಖ್ಯ ರಸ್ತೆಯಿಂದ ಇಳಿಯಲು ದಾರಿ ಎಲ್ಲೋ ದೂರದಲ್ಲಿದ್ದರೆ ಸರ್ವಿಸ್ ರಸ್ತೆಯ ಹೋಟೆಲಿಗೆ ಯಾರು ಬರುತ್ತಾರೆ? ನನ್ನ ಷಡ್ಡಕರು ಒಡವೆ ಮಾರಿ ಅಲ್ಲಿ ಬೋರ್ಡು ಹಾಕಿದರು, ವರ್ಷ ತುಂಬುವ ಮೊದಲೇ ಬಾಗಿಲು ಮುಚ್ಚಿದರು.

ನಾನು ಹೋಗಲಿಲ್ಲ, ಹೋಗುವುದೂ ಇಲ್ಲ. ಊರಿನವರು, ಸಂತೆಗೆ ಬರುವವರು, ಸಾಮಾನ್ಯ ಸಾರಿಗೆ ಬಸ್ಸಿನವರು ಇನ್ನೂ ಬರುತ್ತಾರೆ. ತಮ್ಮನವರಿಗೆ ಊರಿನ ಗಿರಾಕಿಗಳೇ ಅರ್ಧಕ್ಕಿಂತ ಹೆಚ್ಚಿದ್ದರೆ ಅಲ್ಲಿಯೇ ಇರಲಿ.

ಮೈಸೂರಿನ ನಿವಾಸಿ:

ಇಲ್ಲಿ ಎಲ್ಲರೂ ಕಳೆದುಕೊಂಡದ್ದನ್ನೇ ಬರೆಯುತ್ತಿದ್ದಾರೆ. ನನ್ನ ತಾಯಿಯವರಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದೆ. ಹಿಂದೆ ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿಗಳ ಪೇಟೆಯೊಳಗೆ ಹಾಯ್ದು ಹೋಗುವಷ್ಟರಲ್ಲಿ ಅವರು ಬಳಲಿ ಬೆಂಡಾಗುತ್ತಿದ್ದರು. ಈಗ ಎರಡು ಗಂಟೆಯ ಒಳಗೆ ಕೆಂಗೇರಿ ಮುಟ್ಟುತ್ತೇವೆ. ಬಿಡದಿಯ ಕಡೆಯ ಟೋಲ್ 2023ರ ಮಾರ್ಚ್ 14ರಿಂದ, ಶ್ರೀರಂಗಪಟ್ಟಣದ ಬಳಿಯ ಗಣಂಗೂರಿನದು ಅದೇ ವರ್ಷದ ಜುಲೈ 1ರಿಂದ ಆರಂಭವಾದವು. ಎರಡನ್ನೂ ಕಟ್ಟಿಯೇ ಓಡಾಡುತ್ತೇನೆ. ರಸ್ತೆ ಬೇಕಿತ್ತು ಎಂಬುದನ್ನು ಹೇಳುವವರೂ ಒಬ್ಬರಿರಲಿ.

ರಾಮನಗರ ಸರ್ವಿಸ್ ರಸ್ತೆಯ ಪಕ್ಕದವರು:

ತಾಯಿಯವರು ಬೇಗ ಗುಣಮುಖರಾಗಲಿ ಎಂದು ಮನಸ್ಸಾರೆ ಹಾರೈಸುತ್ತೇನೆ. ಆದರೆ ರಸ್ತೆ ಬೇಡವೆಂದು ಇಲ್ಲಿ ಯಾರೂ ಬರೆದಿಲ್ಲ. ನೀವು ಮೇಲೆ ಹೋಗುತ್ತೀರಿ, ನಾವು ಕೆಳಗೆ ಇದ್ದೇವೆ. ಮೊದಲು ನಮ್ಮ ಹೊಲದ ನೀರು ಇಳಿಜಾರು ಹಿಡಿದು ತಾನಾಗಿಯೇ ಹಳ್ಳಕ್ಕೆ ಹೋಗುತ್ತಿತ್ತು. ಈಗ ಎತ್ತರದ ಮಣ್ಣಿನ ಏರಿ ಅದನ್ನು ತಡೆದಿದೆ, ಅಲ್ಲಿಟ್ಟಿರುವ ಮೋರಿ ಸಾಲದು. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಹೆದ್ದಾರಿಯ ಮೇಲೆಯೇ ವಾಹನಗಳು ಮುಳುಗಿದ್ದನ್ನು ನಾಡೆಲ್ಲ ನೋಡಿತು. ಆ ರಾತ್ರಿ ನಮ್ಮ ರೇಷ್ಮೆ ಮನೆಗೆ ಮೊಣಕಾಲುದ್ದ ನೀರು ನುಗ್ಗಿದ್ದನ್ನು ಯಾರೂ ನೋಡಲಿಲ್ಲ. ನಾಲ್ಕನೆಯ ಜ್ವರ (ಪೊರೆ ಕಳಚುವ ಹಂತ) ಎದ್ದು ಸೊಪ್ಪು ಮೇಯುತ್ತಿದ್ದ ಹುಳು ತಟ್ಟೆಗಳ ಸಮೇತ ತೇಲಿದವು. ಚಾಕಿ (ಎಳೆಯ) ಹುಳುವಿಗೆ, ಸೊಪ್ಪಿಗೆ, ಕೂಲಿಗೆ ಹಾಕಿದ್ದ 37,000 ಹೋಯಿತು. ಗೂಡಿನ ದರ ಚೆನ್ನಾಗಿದ್ದ ಸಮಯವದು.

ಇನ್ನು 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಿದರು. ನಮ್ಮ ತೋಟ ರಸ್ತೆಯ ಆಚೆಗಿದೆ. ಕಣ್ಣೆದುರಿಗೆ ಕಾಣುವ ತೋಟಕ್ಕೆ ಅಂಡರ್‌ಪಾಸ್ ಬಳಸಿ ಟ್ರ್ಯಾಕ್ಟರಿನಲ್ಲಿ ಗೊಬ್ಬರ ಹೊಡೆಯಲು ಬಾಡಿಗೆಯೇ ಒಂದೂವರೆ ಪಟ್ಟು ಆಗಿದೆ.

ಮೈಸೂರಿನ ನಿವಾಸಿ:

ಗಂಟೆಗೆ 100 ಕಿ.ಮೀ. ಮಿತಿಯ ರಸ್ತೆಯಲ್ಲಿ ಬೈಕಿನವರನ್ನು ಬಿಟ್ಟರೆ ಸಾಯುವವರು ಅವರೇ ಅಲ್ಲವೇ? ನಿಷೇಧ ಬಂದದ್ದು ನಿಮ್ಮ ಜೀವ ಉಳಿಸುವುದಕ್ಕೆ.

ರಾಮನಗರ ಸರ್ವಿಸ್ ರಸ್ತೆಯ ಪಕ್ಕದವರು:

ಜೀವದ ಮಾತು ನಮಗೆ ಹೇಳಿಕೊಡಬೇಡಿ. ಆ ರಸ್ತೆಯಲ್ಲಿ ನಮ್ಮ ಓಣಿಯ ಹುಡುಗನನ್ನು ಎತ್ತಿಕೊಂಡು ಓಡಿದವರು ನಾವು. ನಿಷೇಧಕ್ಕೆ ನಮ್ಮ ವಿರೋಧವಿಲ್ಲ. ನಿಷೇಧ ಹಾಕುವ ಮೊದಲು ಸರ್ವಿಸ್ ರಸ್ತೆ ಎಲ್ಲಿಯೂ ತುಂಡಾಗದೆ ಒಂದೇ ಸಮನೆ ಇರಬೇಕಿತ್ತು ಎಂದು ನಾವು ಹೇಳುತ್ತಿದ್ದೇವೆ.

ಧಾರವಾಡದವರು:

ರಾಮನಗರದವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನಮ್ಮ ಹುಬ್ಬಳ್ಳಿ–ಧಾರವಾಡ ಬೈಪಾಸ್, ಗಬ್ಬೂರಿನಿಂದ ನರೇಂದ್ರದವರೆಗೆ ಸುಮಾರು 30 ಕಿ.ಮೀ., ಎರಡೇ ಪಥದ ರಸ್ತೆಯಾಗಿ ವರ್ಷಾನುಗಟ್ಟಲೆ ಉಳಿಯಿತು. ಅದರ ಎರಡೂ ತುದಿಗಳಲ್ಲಿ ಹೆದ್ದಾರಿ ಅಗಲವಾಗಿದ್ದರೂ ನಡುವೆ ಎದುರುಬದುರು ಲಾರಿಗಳು ಓಡುತ್ತಿದ್ದವು. 2021ರ ಜನವರಿಯಲ್ಲಿ ಇಟಿಗಟ್ಟಿಯ ಬಳಿ ದಾವಣಗೆರೆಯ ಗೆಳತಿಯರಿದ್ದ ವಾಹನಕ್ಕೂ ಟಿಪ್ಪರಿಗೂ ಡಿಕ್ಕಿಯಾದ ಮೇಲೆಯೇ ಅಗಲೀಕರಣದ ಕೂಗಿಗೆ ಬಲ ಬಂದಿತು. ನಕ್ಷೆಯಲ್ಲಿ ಇಲ್ಲದ್ದನ್ನು ಆಮೇಲೆ ಮಾಡಿಸಿಕೊಳ್ಳುತ್ತೇವೆಂದು ಹುಣಸೂರಿನವರು ನಂಬಿ ಕೂರಬಾರದು.

ಹುಣಸೂರು ತಾಲ್ಲೂಕಿನ ಬೆಳೆಗಾರ:

ಎಲ್ಲರಿಗೂ ಧನ್ಯವಾದಗಳು. ದಯವಿಟ್ಟು ನಿಮ್ಮ ನಿಮ್ಮಲ್ಲಿ ವೈಮನಸ್ಯ ಬೇಡ. ಪಹಣಿ ತಂದೆಯವರ ಹೆಸರಿನಲ್ಲಿರುವುದರಿಂದ ತೊಂದರೆಯಾಗುತ್ತದೆಯೇ ಎಂಬುದಕ್ಕೆ ಮಾತ್ರ ಉತ್ತರ ಸಿಗಲಿಲ್ಲ. ಇಬ್ಬರು ಅಕ್ಕಂದಿರು ಮದುವೆಯಾಗಿ ಹೊರಗಿದ್ದಾರೆ.

ಚನ್ನಪಟ್ಟಣದ ತೋಟದ ಮಾಲೀಕ:

ಖಂಡಿತ ತೊಂದರೆಯಾಗುತ್ತದೆ. ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಇಂದೇ ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಅಕ್ಕಂದಿರ ಹೆಸರು ಬಿಡಬೇಡಿ, ಅವರಿಗೂ ಸಮಭಾಗವಿದೆ. ಅವರಲ್ಲಿ ಒಬ್ಬರು ತಕರಾರು ಕೊಟ್ಟರೂ ಪಾಲು ತೀರ್ಮಾನವಾಗಲೆಂದು ವಿಷಯ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತದೆ, ಹಣ ಅಲ್ಲಿಯೇ ನಿಲ್ಲುತ್ತದೆ. ನಮ್ಮ ಪಕ್ಕದ ತೋಟದವರ ಹಣ ಹಾಗೆಯೇ ಉಳಿದಿದೆ; ಅಣ್ಣತಂಗಿಯರು ಒಬ್ಬರ ಮನೆಯ ಹಬ್ಬಕ್ಕೆ ಮತ್ತೊಬ್ಬರು ಹೋಗುತ್ತಿಲ್ಲ.

ಮಂಡ್ಯ ಕಡೆಯ ಕಬ್ಬು ಬೆಳೆಗಾರ:

ಇದೊಂದನ್ನು ಮಾತ್ರ ಅವರು ಸರಿಯಾಗಿ ಹೇಳಿದ್ದಾರೆ. ಹಣ ಬಂದ ದಿನವೇ ನನ್ನ ತಂಗಿಯ ಪಾಲನ್ನು ಅವಳ ಖಾತೆಗೆ ಹಾಕಿದೆ. ಮಧ್ಯಸ್ಥಿಕೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ರಾಮನಗರ ಸರ್ವಿಸ್ ರಸ್ತೆಯ ಪಕ್ಕದವರು:

ಹಣದ ಮಾತೇ ಮುಂದಾಗುತ್ತಿದೆ. ಜಮೀನು ಸ್ವಾಧೀನಪಡಿಸಿಕೊಳ್ಳುವ ಉದ್ದೇಶ ತಿಳಿಸುವ 3ಎ ಪ್ರಕಟಣೆ ನಿಮ್ಮ ಸರ್ವೆ ನಂಬರಿಗೆ ಯಾವ ದಿನಾಂಕದ್ದು ಎಂಬುದನ್ನು ಮೊದಲು ನೋಡಿ. ಆಕ್ಷೇಪಣೆಗೆ 21 ದಿನ ಮಾತ್ರ ಇರುತ್ತದೆ. ಆ ಅವಧಿ ಕಳೆದಿದ್ದರೂ ಕೊಳವೆಬಾವಿಯಿಂದ ಬ್ಯಾರನ್ ಕಡೆಗೆ ರಸ್ತೆಯಡಿ ಪೈಪ್ ಹಾಯಿಸಲು ತೂಬು ಬೇಕು, ಟ್ರ್ಯಾಕ್ಟರ್ ಹಾಯುವಷ್ಟು ಎತ್ತರದ ಅಂಡರ್‌ಪಾಸ್ ಹತ್ತಿರದಲ್ಲಿ ಬೇಕು ಎಂದು ಊರಿನವರೆಲ್ಲ ಸಹಿ ಹಾಕಿ ಈಗಲೇ ಬರೆದುಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮಣ್ಣಿನ ಏರಿ ಎದ್ದ ಮೇಲೆ ಅದನ್ನು ಕೊರೆದು ಪೈಪ್ ಹಾಕಲು ನಮಗೆ ಹೇಳಿದ ಅಂದಾಜು 2,10,000. ಬ್ಯಾರನ್ ಜಾಗ ಬದಲಿಸಬೇಕಾಗಿ ಬಂದರೆ ತಂಬಾಕು ಮಂಡಳಿಯ ನೋಂದಣಿಯ ವಿಷಯವನ್ನೂ ಮೊದಲೇ ವಿಚಾರಿಸಿ.

ಮದ್ದೂರು ಹಳೆಯ ರಸ್ತೆಯ ಹೋಟೆಲಿನವರು:

ನನ್ನ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ವ್ಯಾಪಾರ ಹೋದವರಿಗೆ ಯಾವ ಕಲಮು?